ಮತದ ಹಕ್ಕಿಲ್ಲದವನ ರಾಜಕಾರಣ

ದಲೀಪ್ ಸಿಂಗ್ ಸೌಂದ್ ಎಂದೊಡನೆ ಅಮೆರಿಕದ ಸಂಸತ್ತಿಗೆ ಆರಿಸಿಹೋದ ಮೊದಲ ಭಾರತೀಯ ಎಂದು ಹೇಳಿ ನಾವು ಕೈತೊಳೆದುಕೊಳ್ಳುತ್ತೇವೆ. 1956ರ ಆ ಗೆಲುವು ದೊಡ್ಡದೇ. ಆದರೆ ಅವರ ತೂಕದ ಕೆಲಸ ಅದಕ್ಕೂ ಹತ್ತು ವರ್ಷ ಮೊದಲು, ಮತ ಹಾಕುವ ಹಕ್ಕೂ ಇಲ್ಲದಿದ್ದಾಗಲೇ ನಡೆದಿತ್ತು.

ಪಂಜಾಬಿನಲ್ಲಿ 1899ರಲ್ಲಿ ಹುಟ್ಟಿದ ಸೌಂದ್ 1920ರಲ್ಲಿ ಅಮೆರಿಕದ ಬರ್ಕ್ಲಿಗೆ ಓದಲು ಹೋದರು. ಗಣಿತದಲ್ಲಿ ಡಾಕ್ಟರೇಟ್ ಪಡೆದವರು ಕೊನೆಗೆ ಇಂಪೀರಿಯಲ್ ಕಣಿವೆಯಲ್ಲಿ ಲೆಟ್ಯೂಸ್ ಬೆಳೆಯಬೇಕಾಯಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲೇ ತೀರ್ಪಿತ್ತಿತ್ತು. ಪೌರತ್ವಕ್ಕೆ ಅರ್ಹನಲ್ಲದವನು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳುವಂತಿರಲಿಲ್ಲ, ಗೇಣಿಗೂ ಹಿಡಿಯುವಂತಿರಲಿಲ್ಲ. ಬೆವರು ಒಬ್ಬರದು, ಕಾಗದಪತ್ರದಲ್ಲಿ ಹೆಸರು ಇನ್ನೊಬ್ಬರದು.

ಪೌರತ್ವದ ಹಕ್ಕಿಗಾಗಿ 1942ರಲ್ಲಿ ಸೌಂದ್ ಗೆಳೆಯರೊಡನೆ ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಕಟ್ಟಿದರು. ಅವರು ಕ್ಯಾಲಿಫೋರ್ನಿಯಾದ ರೈತರನ್ನು ಒಗ್ಗೂಡಿಸಿದರೆ, ಇನ್ನೊಬ್ಬ ಭಾರತೀಯ ವಲಸಿಗ ಜೆ. ಜೆ. ಸಿಂಗ್ ಪೂರ್ವ ಕರಾವಳಿಯಲ್ಲಿ ಸಂಸದರ ಬೆನ್ನು ಹತ್ತಿದರು. 1946ರ ಜುಲೈನಲ್ಲಿ ಅಧ್ಯಕ್ಷ ಟ್ರೂಮನ್ ಲೂಸ್–ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಆದರೆ ಹೊಸದಾಗಿ ವಲಸೆ ಬರುವವರಿಗೆ ಇಡೀ ಭಾರತಕ್ಕೆ ವರ್ಷಕ್ಕೆ ಬರೀ 100 ಜಾಗ!

1949ರಲ್ಲಿ ಪೌರರಾದ ಸೌಂದ್ ಮರುವರ್ಷವೇ ಕಣಿವೆಯ ವೆಸ್ಟ್‌ಮೋರ್ಲೆಂಡ್‌ನ ನ್ಯಾಯಾಧೀಶರ ಸ್ಥಾನಕ್ಕೆ ಗೆದ್ದರು. ಪೌರತ್ವ ಸಿಕ್ಕಿ ವರ್ಷ ತುಂಬಿಲ್ಲವೆಂದು ಕುರ್ಚಿ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತರು. ಊರಿನ ಹೋಟೆಲಿನಲ್ಲಿ ಹತ್ತಾರು ಜನರೆದುರು ಒಬ್ಬ ಕೆಣಕಿದ: ನೀವು ಗೆದ್ದರೆ ಕೋರ್ಟಿಗೆ ಬರಲು ಮುಂಡಾಸು ನೀವೇ ಕೊಡುತ್ತೀರೋ, ನಾವೇ ತರಬೇಕೋ? ತಲೆಯ ಮೇಲೇನಿದೆ ಎನ್ನುವುದು ತಮಗೆ ಮುಖ್ಯವಲ್ಲ, ಒಳಗೇನಿದೆ ಎನ್ನುವುದಷ್ಟೇ ಮುಖ್ಯ ಎಂದು ಸೌಂದ್ ಬಾಯಿ ಮುಚ್ಚಿಸಿದರು. ಈ ಸಲ ಕುರ್ಚಿ ಸಿಕ್ಕಿತು.

1956ರ ಸಂಸತ್ತಿನ ಚುನಾವಣೆಯಲ್ಲಿ ಎದುರಾಳಿಯಾಗಿದ್ದವರು ಶಬ್ದದ ವೇಗ ಮೀರಿ ಹಾರಿದ ಮೊದಲ ಮಹಿಳೆ ಜಾಕ್ವೆಲಿನ್ ಕಾಕ್ರನ್. ಅಂಥ ಹೆಸರಿನ ಮುಂದೆ ಸೌಂದ್ ಗೆದ್ದದ್ದು ಭಾರತೀಯರ ಮತದಿಂದಲ್ಲ, ಅವರ ಸಂಖ್ಯೆ ತೀರಾ ಕಡಿಮೆಯಿತ್ತು. ಕಣಿವೆಯ ಬೆಳೆಗಾರರು ಅವರನ್ನು ತಮ್ಮವರೆಂದು ಒಪ್ಪಿದ್ದರು. ವಲಸಿಗರ ರಾಜಕಾರಣವೆಂದರೆ ಜಾತಿಬಾಂಧವರ ಲೆಕ್ಕಾಚಾರವೆಂದು ತಿಳಿದವರು ಇದನ್ನು ಗಮನಿಸಬೇಕು.

ಸಂಸದರಾದ ಮೇಲಿನ ಸೌಂದ್ ಬಗ್ಗೆ ನಮಗೆ ಅಷ್ಟು ಮೆಚ್ಚುಗೆಯಿಲ್ಲ. 1957ರಲ್ಲಿ ಏಷ್ಯಾ ಸುತ್ತಿ, ಅಮೆರಿಕದ ಪ್ರಜಾಪ್ರಭುತ್ವಕ್ಕೆ ತಾವೇ ಸಾಕ್ಷಿ ಎಂಬಂತೆ ಮಾತಾಡಿದರು. ಅದೇ ಹೊತ್ತಿಗೆ 100ರ ಮಿತಿ ಹಾಗೇ ಇತ್ತು. ನಾಗರಿಕ ಹಕ್ಕುಗಳ ಮಸೂದೆಯ ಪರ ನಿಂತದ್ದು ಮಾತ್ರ ಅವರ ಲೆಕ್ಕಕ್ಕೆ ಸಲ್ಲಬೇಕು.

1962ರಲ್ಲಿ ಪಾರ್ಶ್ವವಾಯು ಬಡಿಯಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. ದೇಶವಾರು ಕೋಟಾ 1965ರಲ್ಲಿ ರದ್ದಾದಾಗ ಅವರು ಸದನದಲ್ಲಿರಲಿಲ್ಲ. 1973ರಲ್ಲಿ ತೀರಿಕೊಂಡರು. ಭಾರತೀಯ ಮೂಲದ ಇನ್ನೊಬ್ಬರು ಆ ಸದನಕ್ಕೆ ಆರಿಸಿಬಂದದ್ದು 2004ರಲ್ಲಿ.