ಖಾಲಿ ಕಡ್ಡಿಪೆಟ್ಟಿಗಿ ಏನು ಹೇಳತೈತಿ

ಅಕ್ಕಾರ, ತಂಗೀರ, ಈಸ್ಟರ್ ಹತ್ರ ಬಂತಂದ್ರ ಸಾಕು, ಫೋನಿನ್ಯಾಗ ಮೊಲದ ಕಿವಿ, ಬಣ್ಣದ ತತ್ತಿ, ಹತ್ತಿ ಅಂಟಿಸಿದ ಬಾಲ ಸುರು ಆಗ್ತಾವ. ಹುಡುಗೂರು ಕಾಗದ ಕತ್ತರಸ್ತಾವ, ನಾವು ಫೋಟೊ ತಗದು ಸ್ಟೇಟಸ್ಸಿಗೆ ಹಾಕ್ತೀವಿ. ಆಮ್ಯಾಲೆ ಯಾರರೆ ಆ ಕೂಸನ್ನ "ಈಸ್ಟರ್ ಅಂದ್ರೇನವಾ?" ಅಂತ ಕೇಳಿದ್ರ, "ಮೊಲ ಚಾಕ್ಲೇಟ್ ತರೋ ಹಬ್ಬ" ಅಂತೈತಿ. ಕೂಸಿನ ತಪ್ಪೇನಿಲ್ಲ ಬಿಡ್ರಿ. ಅದರ ಕೈಗೆ ಏನು ಕೊಡ್ತೀವೋ ಅದನ್ನೇ ಅದು ಕಲೀತೈತಿ.

ಮೊಲದ ಮ್ಯಾಲೆ ನನಗ ಸಿಟ್ಟಿಲ್ಲ. ಅದು ಜರ್ಮನಿ ಕಡೆ ಕಥಿ. ತತ್ತಿ ತರೋ ಮೊಲದ ಸುದ್ದಿಯನ್ನ ಅಲ್ಲಿಯ ವೈದ್ಯನೊಬ್ಬ 1682ರಾಗೇ ಬರದಿಟ್ಟಾನ. ಅಲ್ಲಿಂದ ವಲಸಿ ಹೋದ ಮಂದಿ ಅದನ್ನ ಅಮೆರಿಕಾದ ಪೆನ್ಸಿಲ್ವೇನಿಯಾಕ್ಕ ಒಯ್ದ್ರು, ಅಲ್ಲಿಂದ ಮಿಠಾಯಿ ಅಂಗಡಿ ಹಿಡಿದು ನಮ್ಮನಿತನಕ ಬಂತು. ನಾಲ್ಕೂ ಸುವಾರ್ತೆ ಹುಡುಕಿದ್ರೂ ಮೊಲ ಸಿಗೂದಿಲ್ಲ. ತತ್ತಿಗೆ ಮಾತ್ರ ಒಂದು ನಂಟು ಐತಿ. ಹಿಂದಕ ಯುರೋಪಿನ್ಯಾಗ ತಪಸ್ಸುಕಾಲದ 40 ದಿನ ತತ್ತಿ ತಿನ್ನೋ ಹಂಗಿರಲಿಲ್ಲ. ಕೋಳಿ ಏನು ಉಪವಾಸ ಮಾಡ್ತಾವ? ಅವು ಇಡ್ತಾನೇ ಇದ್ದುವು, ಕೂಡಿಟ್ಟ ತತ್ತಿ ಈಸ್ಟರ್ ದಿನ ಹೊರಗ ಬರ್ತಿದ್ದುವು. ಪೂರ್ವದ ಸಭೆಯವರು ಯೇಸುಸ್ವಾಮಿ ರಕ್ತದ ನೆನಪಿಗೆ ತತ್ತಿಗೆ ಕೆಂಪು ಬಣ್ಣ ಹಾಕ್ತಾರ. ಇಷ್ಟು ಹೇಳಿ ಮಾಡಿದ್ರ ತತ್ತಿನೂ ಪಾಠ ಆಗತೈತಿ. ಉಳ್ಳಾಗಡ್ಡಿ ಸಿಪ್ಪಿ ಕೂಡಿಸಿಡ್ರಿ. ಒಂದು ಚಮಚ ವಿನೆಗರ್ ಹಾಕಿ ಸಿಪ್ಪಿ ಜೋಡಿ ಕುದಿಸಿದ್ರ ಬಿಳಿ ತತ್ತಿ ಇಟ್ಟಂಗಿ ಬಣ್ಣ ಆಗತೈತಿ. ಅಂಗಡಿ ಬಣ್ಣ ಬ್ಯಾಡ.

ನನ್ನ ವಾದ ಇರೋದು ಬ್ಯಾರೆ. ಸಣ್ಣ ಹುಡುಗೂರು ಅಂಜ್ತಾವ ಅಂತ ನಾವು ಶುಕ್ರವಾರ ಹಾರಿಸಿ ಸೀದಾ ರವಿವಾರಕ್ಕ ಜಿಗಿತೀವಿ. ಶಿಲುಬಿ ಇಲ್ಲ, ಸಮಾಧಿ ಇಲ್ಲ, ಬರೇ ಹೂವು, ಚಿಟ್ಟಿ, ಸೂರ್ಯ. ಸತ್ತದ್ದೇ ಗೊತ್ತಿಲ್ಲದ ಕೂಸಿಗೆ ಎದ್ದು ಬಂದ ಅಂದ್ರ ಏನು ತಿಳೀಬೇಕು? ನಿದ್ದಿಯಿಂದ ಎದ್ದಾ ಅಂತ ತಿಳಕೊಂತೈತಿ. ರಕ್ತ, ಮೊಳಿ ಎಲ್ಲಾ ಬಿಡಿಸಿ ಹೇಳ್ರಿ ಅನ್ನೂದಿಲ್ಲ ನಾನು. ಆದ್ರ ದುಃಖದ ದಿನ ಇತ್ತು ಅನ್ನೋದು ಅದರ ಕೈಗೆ ತಿಳೀಬೇಕು.

ಅದಕ್ಕ ಎಂಟು ಖಾಲಿ ಕಡ್ಡಿಪೆಟ್ಟಿಗಿ ಸಾಕು. ಹೊರಗ ಕಾಗದ ಅಂಟಿಸಿ 1ರಿಂದ 8ರತನಕ ಬರೀರಿ. ಗರಿಗಳ ರವಿವಾರ ಒಂದು ತಗೀಲಿ, ಒಳಗ ತೆಂಗಿನ ಗರಿ ತುಂಡು. ಗುರುವಾರ ಎರಡು: ಒಂದರಾಗ ರೊಟ್ಟಿ ಚೂರು, ಇನ್ನೊಂದರಾಗ ಒಂದು ನಾಣ್ಯ. ಯೂದನಿಗೆ ಕೊಟ್ಟದ್ದು 30 ಬೆಳ್ಳಿ ನಾಣ್ಯ ಅಂತ ಹೇಳ್ರಿ. ಶುಭ ಶುಕ್ರವಾರ ಮೂರು: ಜಾಲಿ ಮುಳ್ಳು, ದಾರದಿಂದ ಕಟ್ಟಿದ ಕಡ್ಡಿ ಶಿಲುಬಿ, ಬಿಳಿ ಅರಿವಿ ತುಂಡು. ಶನಿವಾರ ಒಂದು ಹಳ್ಳು. ಈಸ್ಟರ್ ಮುಂಜಾನಿ ಎಂಟನೇದು ತಗದ್ರ ಒಳಗ ಏನೂ ಇಲ್ಲ. ಖಾಲಿ. "ಯವ್ವಾ, ಇದರಾಗ ಹಾಕೂದು ಮರ್ತಿಯೇನು?" ಅಂತ ಕೂಸು ಕೇಳಬೇಕು. ಆವಾಗ ಹೇಳ್ರಿ, ಆ ಹೆಣ್ಮಕ್ಕಳಿಗೂ ಸಮಾಧಿ ಹಿಂಗ ಖಾಲಿ ಕಂಡಿತ್ತು ಅಂತ.

ಇದರಾಗ ನನಗ ಶನಿವಾರದ ಪೆಟ್ಟಿಗಿನೇ ದೊಡ್ಡದು ಅನಸತೈತಿ. ಅವತ್ತು ಏನೂ ಹೇಳಬ್ಯಾಡ್ರಿ. ಹಳ್ಳು ಹಿಡಕೊಂಡು ಕೂಡ್ಲಿ. ನಮ್ಮ ಹುಡುಗೂರಿಗೆ ಕಾಯೋದು ಕಲಿಸೋ ದಿನ ಈಗ ಭಾಳ ಕಡಿಮಿ.

ಕೈಕೆಲಸ ಮಾಡ್ತಾ ಕುಂತಾಗ ಪ್ರಶ್ನಿ ಬರ್ತಾವ. "ಶುಕ್ರವಾರದಿಂದ ರವಿವಾರಕ್ಕ ಎರಡೇ ದಿನ ಅಲ್ಲ?" ಅಂತ ಬೆರಳು ಎಣಿಸ್ತಾವ. ಯೆಹೂದ್ಯರು ಅರ್ಧ ದಿನಾನೂ ಒಂದು ದಿನ ಅಂತ ಹಿಡಿದು ಎಣಿಸ್ತಿದ್ರು, ಅದಕ್ಕ ಅದು ಮೂರನೇ ದಿನ. ನಮ್ಮ ಹಿರ್ಯಾರೂ ಮೂರನೇ ದಿನ ಅಂದ್ರ ಸುರು ಆದ ದಿನಾನೂ ಹಿಡೀತಾರಲ್ಲ, ಹಂಗ. ಇದು ಸರಳ. ಸರಳ ಅಲ್ಲದ ಪ್ರಶ್ನಿನೂ ಬರತೈತಿ. ನಮ್ಮ ಬಳಗದಾಗ ಅಜ್ಜಿ ತೀರಿದ ವರ್ಷ ಐದು ವರ್ಷದ ಹುಡುಗಿ ಕಡ್ಡಿಪೆಟ್ಟಿಗಿ ಕೈಯಾಗ ಹಿಡಕೊಂಡು ಕೇಳಿತ್ತು, "ಅಜ್ಜಿನೂ ರವಿವಾರ ಬರ್ತಾಳೇನು?" ಮನಿ ಮಂದಿ ಎಲ್ಲಾ ಗಪ್ಪಾದ್ರು. ಅದರ ತಾಯಿ ಹೇಳಿದ್ಲು, "ಈ ರವಿವಾರ ಬರೂದಿಲ್ಲವಾ. ಆದ್ರ ಯೇಸುಸ್ವಾಮಿ ಎದ್ದಾನ, ಅದಕ್ಕ ಅಜ್ಜಿನ್ನೂ ಒಂದಿನ ಎಬ್ಬಸ್ತಾನ ಅಂತ ನಂಬೀವಿ. ಅಲ್ಲೀತನಕ ನನಗೂ ಅಳು ಬರತೈತಿ." ಇದಕ್ಕಿಂತ ನೆಟ್ಟಗ ಉತ್ತರ ನನಗ ಗೊತ್ತಿಲ್ಲ. "ಅಜ್ಜಿ ಊರಿಗೆ ಹೋಗ್ಯಾಳ" ಅಂತ ಸುಳ್ಳು ಹೇಳಿದ್ರ, ನಾಳೆ ಯೇಸು ಎದ್ದದ್ದೂ ಅಂಥದ್ದೇ ಮಾತು ಅಂತ ಕೂಸು ತಿಳಕೊಂಡೀತು. ಈಸ್ಟರ್ ಇರೋದೇ ಈ ಪ್ರಶ್ನಿಗೆ. ಮೊಲ ಇದಕ್ಕ ಉತ್ತರ ಕೊಡೂದಿಲ್ಲ.

ಇನ್ನೊಂದು ಕೆಲಸ, ಸಮಾಧಿ ತೋಟ. ದಸರಾದಾಗ ಓಣ್ಯಾಗ ಘಟದ ಮುಂದ ಸಸಿ ಹಾಕ್ತಾರಲ್ಲ, ಅದೇ ರೀತಿ. ಅಗಲ ತಾಟಿನ್ಯಾಗ ಮಣ್ಣು ಹಾಕಿ, ಸಣ್ಣ ಕುಡಿಕಿ ಅಡ್ಡ ಮಲಗಿಸಿ ಗವಿ ಮಾಡಿ, ಬಾಯಿಗೆ ದುಂಡು ಕಲ್ಲು ಇಡ್ರಿ. ಸುತ್ತ ನೆನಸಿದ ಗೋಧಿ ಚೆಲ್ಲಿ, ದಿನಾ ನೀರು ಚಿಮುಕಿಸೋ ಕೆಲಸ ಕೂಸಿಗೆ ಬಿಡ್ರಿ. ಒಂಬತ್ತು ದಿನಕ್ಕ ಹಸರು ನಿಂತಿರತೈತಿ. ಗೋಧಿಕಾಳು ಮಣ್ಣಾಗ ಬೀಳೋ ಮಾತು ಯೋಹಾನನ ಸುವಾರ್ತೆ 12ನೇ ಅಧ್ಯಾಯದಾಗ ಐತಿ, ಅದನ್ನ ಆವಾಗ ಓದಿ ಹೇಳ್ರಿ. ಈಸ್ಟರ್ ದಿನ ಕೂಸು ಏಳೂದಕ್ಕಿಂತ ಮುಂಚೆ ನೀವೇ ಕಲ್ಲು ಸರಿಸಿಬಿಡ್ರಿ. ಮಾರ್ಕನ ಸುವಾರ್ತೆಯೊಳಗ ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಈ ಮೂರು ಹೆಣ್ಮಕ್ಕಳು ಸುಗಂಧ ದ್ರವ್ಯ ಹಿಡಕೊಂಡು, ಕಲ್ಲು ಯಾರು ಸರಿಸಿಕೊಡ್ತಾರ ಅನ್ನೋ ಚಿಂತಿಯೊಳಗೇ ನಡದಿದ್ರು. ಮೊದಲ ಸುದ್ದಿ ಸಿಕ್ಕಿದ್ದು ಹೆಣ್ಮಕ್ಕಳಿಗೆ. ಇದನ್ನ ನಮ್ಮ ಹೆಣ್ಹುಡುಗೂರಿಗೆ ಒತ್ತಿ ಹೇಳ್ರಿ, ಗಂಡುಹುಡುಗೂರಿಗೂ ಹೇಳ್ರಿ.

ಮತ್ತ, ಕೂಸು ಮಾಡಿದ್ದನ್ನ ತಿದ್ದಾಕ ಹೋಗಬ್ಯಾಡ್ರಿ. ಶಿಲುಬಿ ಸೊಟ್ಟಾದ್ರ ಸೊಟ್ಟ ಇರಲಿ. ನಾವು ಚೆಂದ ಮಾಡಿಕೊಟ್ಟದ್ದು ಫೋಟೊಕ್ಕ ಆಗತೈತಿ, ಅದು ತಾನೇ ಮಾಡಿದ್ದು ನೆನಪಿಗೆ ಆಗತೈತಿ.

2026ರಾಗ ಈಸ್ಟರ್ ಏಪ್ರಿಲ್ 5ಕ್ಕ. ಅಂದ್ರ ಮಾರ್ಚ್ 27ಕ್ಕ ಗೋಧಿ ಚೆಲ್ಲಬೇಕು, ಹಿಂದಿನ ರಾತ್ರಿ ನೆನಿ ಹಾಕಿರ್ರಿ. ಕಡ್ಡಿಪೆಟ್ಟಿಗಿ ಮಾತ್ರ ಇವತ್ತಿನಿಂದಲೇ ಒಗೀಬ್ಯಾಡ್ರಿ.