ಹೊರಬಾರದ ಕೋಣೆಗಳು

ಮೇಜಿಗೆ ಖಾನೆ ತೂರಿಸಿದಂತೆ ಕಟ್ಟಡಕ್ಕೆ ಕೋಣೆ ತೂರಿಸಬಹುದೆ? ಅಮೆರಿಕದ ಫ್ಲಾರಿಡಾದಲ್ಲಿ, ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದ ನಗರಿಯ ಕಂಟೆಂಪರರಿ ಹೋಟೆಲನ್ನು ಕಟ್ಟಿದ್ದೇ ಹಾಗೆ. ಯು.ಎಸ್. ಸ್ಟೀಲ್ ಕಂಪನಿ ಕೆಲವೇ ಮೈಲಿ ದೂರದಲ್ಲಿ ಕಾರ್ಖಾನೆ ಹೂಡಿ, ಬಚ್ಚಲು ಸಮೇತ ಇಡೀ ಕೋಣೆಗಳನ್ನು ತಯಾರಿಸಿತು. ಇತ್ತ ಇಂಗ್ಲಿಷಿನ ‘ಎ’ ಅಕ್ಷರದಂತೆ ಉಕ್ಕಿನ ಚೌಕಟ್ಟು ಎದ್ದು ನಿಂತಿತ್ತು. ಕ್ರೇನು ಒಂದೊಂದೇ ಕೋಣೆಯನ್ನು ಎತ್ತಿ ಅದರೊಳಗೆ ಕೂರಿಸಿತು. 1971ರ ಅಕ್ಟೋಬರ್ 1ರಂದು ಹೋಟೆಲು ಬಾಗಿಲು ತೆರೆಯಿತು.

ಹಳತಾದ ಕೋಣೆಯನ್ನು ಹೊರಗೆಳೆದು, ರಿಪೇರಿ ಮಾಡಿ, ಮತ್ತೆ ತೂರಿಸುತ್ತಾರೆಂಬ ಮಾತು ಊರೆಲ್ಲ ಹಬ್ಬಿತು. ಕೇಳಲೇನೋ ಸೊಗಸು! ಆದರೆ ಒಂದು ಕೋಣೆಯನ್ನೂ ಹಾಗೆ ಹೊರತೆಗೆಯಲಿಲ್ಲ. ಕೂತದ್ದು ಕೂತೇಬಿಟ್ಟಿತು. ಮುಂದೆ ನವೀಕರಣವೆಲ್ಲ ನಡೆದದ್ದು ಎಲ್ಲ ಹೋಟೆಲುಗಳಂತೆ, ಬಾಗಿಲ ಮೂಲಕ ಒಳಹೋದ ಕೆಲಸಗಾರರಿಂದಲೇ.

ಹಾಗಿದ್ದೂ ಅರ್ಧ ಶತಮಾನ ಕಳೆದರೂ ಜನ ಅಲ್ಲಿಗೆ ಮುಗಿಬೀಳುವುದೇಕೆ? ಕೋಣೆಗಳ ಸಾಲು ಎರಡು ಬದಿಗೆ ಒರಗಿರುವುದರಿಂದ ನಡುವೆ ಭಾರೀ ಟೊಳ್ಳು ಉಳಿದಿದೆ. ಮಾನೊರೈಲು ನೇರ ಅದರೊಳಗೇ ಬಂದು ನಿಲ್ಲುತ್ತದೆ. ಪಕ್ಕದಲ್ಲಿ ಕಲಾವಿದೆ ಮೇರಿ ಬ್ಲೇರ್ ರೂಪಿಸಿದ, 90 ಅಡಿ ಎತ್ತರದ ಟೈಲ್ಸ್ ಚಿತ್ರ. ಅದರಲ್ಲೊಂದು ಮೇಕೆಗೆ ಐದು ಕಾಲು. ರೈಲು ನಿಂತಷ್ಟು ಹೊತ್ತಿನಲ್ಲೇ ಅದನ್ನು ಪತ್ತೆಹಚ್ಚುವುದು ಮಕ್ಕಳಿಗೊಂದು ಆಟ.