‘ಕೇಸು ಹಾಕ್ತೀನಿ’ ಅನ್ನುವವರಿಗೆ

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ, ಸೇಲಂ ಜಿಲ್ಲೆಯ ನಮ್ಮ ತಾರಮಂಗಲಂ ಮಗ್ಗದ ಕೇರಿಗಳಲ್ಲಿ ಜಗಳ ಕಾವೇರಿದರೆ ಎರಡೂ ಕಡೆ ಒಂದೇ ಮಾತು: ‘ಮಾನನಷ್ಟ ಕೇಸು ಹಾಕ್ತೀನಿ.’ ಅದರ ಬೆನ್ನಿಗೆ ಬರುವ ವಾದಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ.

‘ಪುರಸಭೆಯನ್ನು ಬೈದರೆ ಪುರಸಭೆಯೇ ಪರಿಹಾರ ಕೇಳುತ್ತದೆ.’
ಕೇಳುವಂತಿಲ್ಲ. ಮರಣದಂಡನೆಯ ಕೈದಿ ಆಟೋ ಶಂಕರನ ಆತ್ಮಕಥೆ ‘ನಕ್ಕೀರನ್’ ವಾರಪತ್ರಿಕೆಯಲ್ಲಿ ಬರದಂತೆ ಜೈಲು ಅಧಿಕಾರಿಗಳು ಅಡ್ಡಬಂದಾಗ ಸಂಪಾದಕ ರಾಜಗೋಪಾಲ್ ಸುಪ್ರೀಂ ಕೋರ್ಟಿಗೆ ಹೋದರು. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾನನಷ್ಟ ದಾವೆ ಹೂಡುವಂತಿಲ್ಲ, ಅಚ್ಚಾಗುವ ಮೊದಲೇ ಅಧಿಕಾರಿಗಳು ತಡೆಯುವಂತಿಲ್ಲ ಎಂದು 1994ರಲ್ಲಿ ತೀರ್ಪಾಯಿತು. ಮರುವರ್ಷ ಶಂಕರನನ್ನು ಗಲ್ಲಿಗೇರಿಸಿದ್ದು ನಮ್ಮ ಸೇಲಂ ಜೈಲಿನಲ್ಲೇ. ಆ ತೀರ್ಪು ಮಾತ್ರ ಇಂದಿಗೂ ಬದುಕಿದೆ.

‘ನಮ್ಮ ಹೆಣ್ಣುಮಕ್ಕಳಿಗೇ ಅವಮಾನ, ಯಾರು ಬೇಕಾದರೂ ದೂರು ಕೊಡಬಹುದು.’
ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ಆಡಿದ ಮಾತಿಗೆ ನಟಿ ಖುಷ್ಬೂ 2005ರಲ್ಲಿ ಪಕ್ಕದ ಮೆಟ್ಟೂರು ಕೋರ್ಟಿಗೂ ಬರಬೇಕಾಯಿತು. 2010ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲಿನ ದೂರುಗಳನ್ನೆಲ್ಲ ರದ್ದು ಮಾಡಿತು. ಗುರುತಿಸಬಲ್ಲ ವ್ಯಕ್ತಿಗೋ ಗುಂಪಿಗೋ ಪೆಟ್ಟು ಬಿದ್ದಿರಬೇಕು, ನೊಂದವರೇ ದೂರು ಕೊಡಬೇಕು.

‘ನಿಜ ಹೇಳಿದವನಿಗೆ ಭಯವಿಲ್ಲ.’
ಇದು ಅರ್ಧ ಸತ್ಯ. ಪರಿಹಾರದ ದಾವೆಯಲ್ಲಿ ನಿಜವೊಂದೇ ಸಾಕು. ಕ್ರಿಮಿನಲ್ ಕೇಸಿನಲ್ಲಿ ಅದು ಸಾರ್ವಜನಿಕ ಹಿತಕ್ಕಾಗಿ ಆಡಿದ ಮಾತೆಂದೂ ತೋರಿಸಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ ಆಗಬಹುದು.

‘ನಾನು ಬರೆದದ್ದಲ್ಲ, ಬರೀ ಫಾರ್ವರ್ಡ್.’
ಬಾಯಿಮಾತು, ಬರಹ, ಸನ್ನೆ, ಚಿತ್ರ ಎಲ್ಲವೂ ಕಾನೂನಿನ ಒಳಗೇ ಬರುತ್ತವೆ. ಮಾತು ಹುಟ್ಟಿಸಿದವನಂತೆ ಅದನ್ನು ಮೂರನೆಯವರಿಗೆ ಮುಟ್ಟಿಸಿದವನೂ ಸಿಕ್ಕಿಬೀಳಬಹುದು.

‘ಸೀರೆಯನ್ನು ಬೈದೆ, ನೇಯ್ದವನನ್ನಲ್ಲ.’
ಸರಕಿನ ಮೇಲೆ ಸುಳ್ಳು ಹಬ್ಬಿಸುವುದೂ ಒಂದು ಸಿವಿಲ್ ತಪ್ಪು. ಅಸಲಿ ರೇಷ್ಮೆಯನ್ನು ‘ನಕಲಿ’ ಎಂದು ಬೇಕೆಂದೇ ಸಾರಿ, ಅದರಿಂದ ವ್ಯಾಪಾರ ಕೆಟ್ಟರೆ ನಷ್ಟ ಕೇಳಬಹುದು. ಆದರೆ ಮಾತು ಸುಳ್ಳು, ಕೆಟ್ಟ ಉದ್ದೇಶದ್ದು, ನಷ್ಟ ತಂದದ್ದು ಎಂಬ ಮೂರನ್ನೂ ನೇಕಾರನೇ ರುಜುವಾತು ಮಾಡಬೇಕು.

ಎದುರಾಳಿಗಳ ಒಂದು ಮಾತು ಮಾತ್ರ ಒಪ್ಪುತ್ತೇನೆ: ಮಾನ ಕಳೆದುಕೊಂಡವನಿಗೆ ದಾರಿ ಬೇಕು. ದಾರಿ ಇದೆ, ಆದರೆ ಪರಿಹಾರದ ದಾವೆಗೆ ಗಡುವು ಒಂದೇ ವರ್ಷ. ಹೋಗುವುದಿದ್ದರೆ ಅಷ್ಟರೊಳಗೆ ಹೋಗಿ. ಹೋಗುವುದಿಲ್ಲವೆಂದಾದರೆ ಬೆದರಿಸುವುದನ್ನು ಬಿಡಿ.